ಅಜ್ಜಿ ಯಾವ ಚಾನೆಲ್‌ನಲ್ಲಿ ನಿದ್ದೆ ಹೋದಳು?

ಬೆರಿಲ್ ಕ್ಲೆಗ್ ಮಹಾ ಕೋಪಿಷ್ಠೆ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಮ್ಯಾಂಚೆಸ್ಟರಿನ ಪೆನೈನ್ ಟೆಲಿವಿಷನ್ನಿನಲ್ಲಿ ಅವಳ ಜೊತೆ ಕೆಲಸ ಮಾಡಿದವರನ್ನು ಯಾರನ್ನೇ ಕೇಳಿದರೂ ಮೊದಲು ಬರುವುದು ಆ ಕೋಪದ ಮಾತೇ. ಆಮೇಲೆ, ಕ್ರಿಸ್‌ಮಸ್ ದಿನ ಯಾವ ಕಾರ್ಯಕ್ರಮದ ಹಿಂದೆ ಯಾವುದು ಬರಬೇಕು ಎಂದು ಹೆಣೆಯುವುದರಲ್ಲಿ ಅವಳನ್ನು ಮೀರಿಸುವವರು ಹುಟ್ಟಿಲ್ಲ ಎಂದೂ ಹೇಳುತ್ತಾರೆ. ಎರಡೂ ನಿಜ. ಬೈಗುಳ ತಿಂದವರೇ ಹೊಗಳುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಅವಳು ಹುಟ್ಟಿದ್ದು ಬರ್ನ್ಲಿಯ ಗಿರಣಿಯ ಬೆನ್ನಿಗಿದ್ದ ಸಾಲುಮನೆಯಲ್ಲಿ. ಒಂದರ ಗೋಡೆಗೆ ಇನ್ನೊಂದು ಅಂಟಿಕೊಂಡ ಮನೆಗಳು. ಪಕ್ಕದ ಮನೆಯವರು ಸೀನಿದರೆ ಇಲ್ಲಿ ಕೂತೇ "ದೇವರು ಕಾಯಲಿ" ಎನ್ನಬಹುದಿತ್ತು, ಅವರು ಅಲ್ಲಿಂದಲೇ "ಬದುಕಿದೆ ಕಣಮ್ಮ" ಎನ್ನುತ್ತಿದ್ದರು. ಅಮ್ಮ ಹೆಟ್ಟಿ ಗಿರಣಿಯಲ್ಲಿ ನೇಯುತ್ತಿದ್ದವಳು. ಅಪ್ಪ ಊರ ಚಿತ್ರಮಂದಿರದಲ್ಲಿ ಸಿನಿಮಾ ಓಡಿಸುತ್ತಿದ್ದವನು. ಶನಿವಾರ ಅಪ್ಪನ ಜೊತೆ ಮೇಲಿನ ಪ್ರೊಜೆಕ್ಟರ್ ಗೂಡಿಗೆ ಹೋದರೆ ಬೆರಿಲ್ ಸಣ್ಣ ಕಿಂಡಿಯಿಂದ ಪರದೆಯನ್ನಲ್ಲ, ಜನರನ್ನು ನೋಡುತ್ತ ಕೂರುತ್ತಿದ್ದಳು. ಯಾವ ದೃಶ್ಯಕ್ಕೆ ಕಾಗದ ಬಿಚ್ಚಿ ಮಿಠಾಯಿ ತೆಗೆಯುತ್ತಾರೆ, ಯಾವ ಹಾಡಿಗೆ ಮುದುಕಿಯರ ತಲೆ ವಾಲುತ್ತದೆ, ಎಲ್ಲಿ ಗಂಡಸರು ಸಿಗರೇಟಿಗೆಂದು ಏಳುತ್ತಾರೆ. ಚಿತ್ರಮಂದಿರ ಮುಚ್ಚಿ ಬಿಂಗೊ ಆಟದ ಮನೆಯಾಯಿತು, ಅಪ್ಪ ಆ ಕೊರಗಿನಲ್ಲೇ ಹೋದ. ಬೆರಿಲ್ ಪೆನೈನ್‌ನಲ್ಲಿ ಟೆಲಿಫೋನ್ ಹುಡುಗಿಯಾಗಿ ಸೇರಿಕೊಂಡಳು.

ಅವಳ ಕೆಲಸ ಬೈಸಿಕೊಳ್ಳುವುದು. ಕಾರ್ಯಕ್ರಮ ಹಿಡಿಸದವರೆಲ್ಲ ಫೋನ್ ಮಾಡುತ್ತಿದ್ದದ್ದು ಅವಳಿಗೆ. ಬೈಯುವವರನ್ನು ಸರಿಯಾಗಿ ವಾಪಸು ಬೈದದ್ದಕ್ಕೆ ಅವಳನ್ನು ಆ ಕುರ್ಚಿಯಿಂದ ಎಬ್ಬಿಸಿ ಕಾರ್ಯಕ್ರಮ ಹೊಂದಿಸುವ ವಿಭಾಗಕ್ಕೆ ತಳ್ಳಿದರು. ಅಲ್ಲಿ ಯಾರ ಜೊತೆಯೂ ಮಾತಾಡಬೇಕಿಲ್ಲ, ಗೋಡೆಯ ಮೇಲೆ ಬಣ್ಣದ ಕಾರ್ಡು ಚುಚ್ಚಿದರೆ ಆಯಿತು ಎಂಬುದು ಆಫೀಸಿನವರ ಲೆಕ್ಕಾಚಾರ. ಹಾವಿಗೆ ಹಾಲೆರೆದಂತಾಯಿತು ಎಂದು ಆಮೇಲೆ ಕೈಕೈ ಹಿಸುಕಿಕೊಂಡವರೂ ಇದ್ದರು.

ಮೊದಲ ಕ್ರಿಸ್‌ಮಸ್‌ಗೇ ಅವಳು ಮುಗ್ಗರಿಸಿದಳು. ಪೆನೈನ್‌ನ ಹೆಸರಾಂತ ಧಾರಾವಾಹಿ 'ನೇಕಾರರ ಓಣಿ'ಯಲ್ಲಿ ಆ ವರ್ಷ ಮದುವೆ. ಊಟ ಮುಗಿದ ಕೂಡಲೇ ನೋಡಲಿ ಎಂದು ಹಬ್ಬದ ಮಧ್ಯಾಹ್ನ ಟಿವಿಯಲ್ಲಿ ಬರುವ ರಾಣಿಯ ಭಾಷಣದ ಬೆನ್ನಿಗೇ ಅದನ್ನು ಇಟ್ಟಳು. ಮದುವೆಯೇನೋ ಆಯಿತು. ಅದನ್ನು ನೋಡಬೇಕಾದವರೆಲ್ಲ ಆ ಹೊತ್ತಿಗೆ ಅಡುಗೆಮನೆಯಲ್ಲಿದ್ದರು. ಮಾರನೇ ದಿನ ಟೆಲಿಫೋನ್ ಹೊಗೆಯಾಡಿತು.

"ಓಣಿಲಿ ಮದುವೆ ಆಯ್ತಂತೆ, ನಾನು ಬಾಣಲೆ ಉಜ್ತಾ ಇದ್ದೆ! ನಿಮಗೆಲ್ಲ ತಾಯಿ ಅನ್ನೋರು ಇಲ್ವೇನಮ್ಮ? ಇದ್ರೆ ಅವಳು ಊಟ ಆದ್ಮೇಲೆ ಏನು ಮಾಡ್ತಾಳೆ ಅಂತ ಒಂದಿನನಾದ್ರೂ ನೋಡಿದೀರಾ?"

ಆ ಮಾತು ಬೆರಿಲ್‌ಗೆ ನಾಟಿತು. ಅಂದಿನಿಂದ ಅವಳ ಗೋಡೆಯ ಮೇಲೆ ಎರಡು ಸಾಲು ಬಂದವು. ಮೇಲಿನದು ಎಲ್ಲರಿಗೂ ಕಾಣುವ ಗಡಿಯಾರದ ಹೊತ್ತು. ಕೆಳಗಿನದು ಅವಳು ಸೀಮೆಸುಣ್ಣದಲ್ಲಿ ಬರೆದ ದೇಶದ ನಿಜವಾದ ಹೊತ್ತು. ಮಕ್ಕಳು ಉಡುಗೊರೆಯ ಕಾಗದ ಹರಿಯುವ ಹೊತ್ತು, ಸಾಸು ಗಂಟಾಗುವ ಹೊತ್ತು, ತಲೆಗೆ ಹಬ್ಬದ ಕಾಗದದ ಟೋಪಿ, ಪಾತ್ರೆ, ಗೊರಕೆ, ಹಳೇ ಜಗಳ, ತಣ್ಣನೆಯ ಟರ್ಕಿ ಕೋಳಿಯ ಸ್ಯಾಂಡ್‌ವಿಚ್. ಹೊಸಬರು ಬಂದು ನಕ್ಕರೆ, "ಕ್ರಿಸ್‌ಮಸ್ ದಿನ ಟಿವಿ ನೋಡೋದು ಕಣ್ಣಲ್ಲಪ್ಪ, ಹೊಟ್ಟೆ" ಎನ್ನುತ್ತಿದ್ದಳು. ವರ್ಷಗಳು ಉರುಳಿ ಅವಳೇ ವಿಭಾಗದ ಮುಖ್ಯಸ್ಥೆಯಾದಳು. ಕೋಪ ಮಾತ್ರ ಒಂದು ಮೆಟ್ಟಿಲೂ ಕೆಳಗಿಳಿಯಲಿಲ್ಲ.

ಲಂಡನ್ನಿನಿಂದ ಹೊಸ ಮೇಲಧಿಕಾರಿ ಬಂದ ವರ್ಷದ ಕಥೆ ಇದು. ಹೆಸರು ಜೂಲಿಯನ್ ಫೇರ್‌ಬ್ರದರ್. ಹಳದಿ ವೇಸ್ಟ್‌ಕೋಟು, ಒಳ್ಳೆಯ ನಗು, ಬುದ್ಧಿಯಲ್ಲಿ ಕೊರತೆಯಿಲ್ಲ. ಶರತ್ಕಾಲದ ಒಂದು ಬೆಳಿಗ್ಗೆ ಬೆರಿಲ್‌ಳ ಗೋಡೆಯೆದುರು ನಿಂತು, ಓಣಿಯ ಕೆಂಪು ಕಾರ್ಡನ್ನು ಬೆರಳಲ್ಲಿ ತಟ್ಟಿದ.

"ಬೆರಿಲ್, ಎದುರು ಚಾನೆಲ್‌ನವರು ಕ್ರಿಸ್‌ಮಸ್ ಸಂಜೆಗೆ ಕಡಲ್ಗಳ್ಳರ ಸಿನಿಮಾ ತರ್ತಿದಾರೆ. ಹಡಗು, ಫಿರಂಗಿ, ಗಿಳಿ, ಎಲ್ಲ ಇದೆ. ನಮ್ಮ ಹತ್ರ ಬಾಹ್ಯಾಕಾಶದ ಸಿನಿಮಾ ಇದೆ. ಸಿನಿಮಾಗೆ ಸಿನಿಮಾನೇ ಎದುರಿಡೋಣ. ಓಣಿ ಮಾರನೇ ದಿನಕ್ಕೆ ಹೋಗ್ಲಿ."

"ಓಣಿ ಇಲ್ದೆ ಕ್ರಿಸ್‌ಮಸ್ಸಾ? ಆಗಲ್ಲ."

"ಪೂರ್ತಿ ಕೇಳಿ. ಓಣಿ ನೋಡೋರು ವರ್ಷದಿಂದ ವರ್ಷಕ್ಕೆ ಕರಗ್ತಿದಾರೆ. ವಸಂತಕ್ಕೆ ನಿಲ್ಲಿಸಿಬಿಡೋಣ ಅಂತ ಆಡಳಿತ ಮಂಡಳಿ ಹೆಚ್ಚುಕಮ್ಮಿ ತೀರ್ಮಾನ ಮಾಡಿದೆ. ನಿಮಗೆ ಇವತ್ತೇ ತಿಳೀಲಿ ಅಂತ ನಾನೇ ಬಂದೆ."

ಬೆರಿಲ್ ಒಮ್ಮೆಗೇ ಕೂಗಾಡಲಿಲ್ಲ. ಅದನ್ನು ಕಂಡು ಅಕ್ಕಪಕ್ಕದವರಿಗೆ ಇನ್ನೂ ಹೆದರಿಕೆಯಾಯಿತು. ಅವಳಿಗೆ ಕಣ್ಣೆದುರು ಬಂದದ್ದು ಅಪ್ಪನ ಚಿತ್ರಮಂದಿರ. ಬಾಗಿಲಿಗೆ ಹಲಗೆ ಹೊಡೆದ ದಿನ ಊರಿನವರೆಲ್ಲ "ಅಯ್ಯೋ, ನಾವು ಬರ್ತಿದ್ವಲ್ಲ" ಎಂದಿದ್ದರು. ಯಾರೂ ಬರುತ್ತಿರಲಿಲ್ಲ. ಇನ್ನೊಂದು ಬಾಗಿಲು ತನ್ನ ಕಣ್ಣೆದುರು ಮುಚ್ಚುವುದನ್ನು ಅವಳು ಸಹಿಸಲಾರಳು.

"ಕ್ರಿಸ್‌ಮಸ್ ಸಂಜೆ ನನಗೆ ಬಿಟ್ಟುಕೊಡಿ," ಅಂದಳು. "ಓಣಿ ಆ ಹಡಗನ್ನ ಸೋಲಿಸಿದ್ರೆ, ಓಣಿ ಉಳೀಬೇಕು."

"ಸೋತರೆ?"

"ಹಲಗೆ ಹೊಡೀರಿ. ನನ್ನನ್ನ ಬೆಳಗಿನ ಜಾವದ ಬೇಸಾಯದ ಕಾರ್ಯಕ್ರಮಕ್ಕೆ ಹಾಕಿ, ಹಂದಿಗಳ ಹಿಂದೆ ಹಂದಿ ಜೋಡಿಸ್ಕೊಂಡಿರ್ತೀನಿ."

ಫೇರ್‌ಬ್ರದರ್ ನಕ್ಕ. "ಫಿರಂಗಿ ಇರೋ ಹಡಗನ್ನ ಒಂದು ಓಣಿ ಹೇಗಮ್ಮ ಮುಳುಗಿಸುತ್ತೆ?"

"ನಿದ್ದೆಯಿಂದ."

"ಏನು?"

"ಬಾಯಲ್ಲಿ ಹೇಳಿದ್ರೆ ತಿಳಿಯಲ್ಲ. ಭಾನುವಾರ ನಮ್ಮಮ್ಮನ ಮನೆಗೆ ಊಟಕ್ಕೆ ಬನ್ನಿ."

ಭಾನುವಾರ ಅವನು ಹೂಗುಚ್ಛ ಹಿಡಿದು ಬಂದ. ಹೆಟ್ಟಿ ಅಜ್ಜಿ ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. "ಲಂಡನ್‌ನಲ್ಲಿ ಹೊಟ್ಟೆಗೆ ಹಾಕಲ್ವೇನಪ್ಪ ನಿಂಗೆ? ಆ ಹಳದಿ ಅಂಗಿಯೊಳಗೆ ಮನುಷ್ಯ ಇದಾನೋ ಇಲ್ವೋ ಗೊತ್ತಾಗ್ತಿಲ್ಲ. ಕೂತ್ಕೊ." ಹುರಿದ ದನದ ಮಾಂಸ, ಉಬ್ಬಿದ ಯಾರ್ಕ್‌ಷೈರ್ ಪುಡಿಂಗ್, ಮೇಲೆ ಸುರಿದ ಕಂದು ಸಾರು. ಬೆರಿಲ್‌ಳ ತಮ್ಮ ವಿಲ್ಫ್, ಅವನ ಹೆಂಡತಿ, ಮಕ್ಕಳು ಎಲ್ಲ ಮೊಣಕೈಗೆ ಮೊಣಕೈ ತಾಗಿಸಿ ಉಂಡರು. ಉಂಡ ಮೇಲೆ ಹೆಟ್ಟಿ ತನ್ನ ಕುರ್ಚಿಯಲ್ಲಿ ಕೂತಳು. ಆ ಕುರ್ಚಿಯಲ್ಲಿ ಬೇರೆ ಯಾರೂ ಕೂರುವಂತಿಲ್ಲ, ಬೆಕ್ಕು ಕೂಡ. ಟಿವಿಯಲ್ಲಿ ತೋಟಗಾರಿಕೆಯವನೊಬ್ಬ ಮಾತಾಡುತ್ತಿದ್ದ. ಸ್ವಲ್ಪ ಹೊತ್ತಿಗೆ ಅಜ್ಜಿಯ ಗದ್ದ ಎದೆಗೆ ತಾಗಿ, ಬಾಯಿ ತೆರೆದು, ಸಣ್ಣ ಗೊರಕೆ ಶುರುವಾಯಿತು.

ಎಲ್ಲರೂ ತೋಟಗಾರಿಕೆಯನ್ನೇ ನೋಡುತ್ತಿದ್ದರು. ಯಾರಿಗೂ ಬೇಕಿರಲಿಲ್ಲ. ಫೇರ್‌ಬ್ರದರ್ ಪಿಸುಗುಟ್ಟಿದ, "ಪಕ್ಕದ ಚಾನೆಲ್‌ನಲ್ಲಿ ಫುಟ್‌ಬಾಲ್ ಇದೆ ಅಲ್ವಾ?"

ವಿಲ್ಫ್ ಚಾವಣಿ ನೋಡಿದ. ಮಕ್ಕಳು ಉಸಿರು ಬಿಗಿಹಿಡಿದರು. ಬೆರಿಲ್ ಬೇಕೆಂದೇ ಅವನನ್ನು ತಡೆಯಲಿಲ್ಲ. ಪಾಪ, ಆ ಮನುಷ್ಯ ತುದಿಗಾಲಲ್ಲಿ ಹೋಗಿ ಟಿವಿಯ ಗುಂಡಿ ಒತ್ತಿದ. ಟಕ್.

"ನಾನದನ್ನ ನೋಡ್ತಿದ್ದೆ," ಅಂದಳು ಅಜ್ಜಿ. ಕಣ್ಣು ಮುಚ್ಚಿಯೇ ಇತ್ತು.

ಫೇರ್‌ಬ್ರದರ್ ಕಳ್ಳ ಸಿಕ್ಕಿಬಿದ್ದಂತೆ ನಿಂತುಬಿಟ್ಟ. "ಕ್ಷಮಿಸಿ, ಮಿಸೆಸ್ ಕ್ಲೆಗ್. ನೀವು ಮಲಗಿದೀರಿ ಅಂದ್ಕೊಂಡೆ."

"ಮಲಗೋದಾ? ನಾನಾ? ಕಣ್ಣಿಗೆ ಸ್ವಲ್ಪ ವಿಶ್ರಾಂತಿ ಕೊಡ್ತಿದ್ದೆ ಅಷ್ಟೇ."

"ಹಂಗಾದ್ರೆ ಏನು ಬರ್ತಿತ್ತು ಹೇಳಮ್ಮ," ಅಂದ ವಿಲ್ಫ್.

"ಗುಲಾಬಿ. ಗುಲಾಬಿ ಗಿಡ ಕತ್ತರಿಸೋದು ಹೇಳ್ಕೊಡ್ತಿದ್ದ. ಹಾಕು ಅದನ್ನ, ನಂಗೆ ಬೇಕು."

ಬರುತ್ತಿದ್ದದ್ದು ಈರುಳ್ಳಿಯ ವಿಷಯ. ಫೇರ್‌ಬ್ರದರ್ ಗುಂಡಿ ಒತ್ತಿ ಈರುಳ್ಳಿಗೆ ವಾಪಸಾದ. ಅಜ್ಜಿಯ ಗೊರಕೆಯೂ ಬಿಟ್ಟಲ್ಲಿಂದಲೇ ಮುಂದುವರಿಯಿತು.

ಅಡುಗೆಮನೆಯಲ್ಲಿ ತಟ್ಟೆ ಒರೆಸುತ್ತ ಅವನು ನಕ್ಕು ನಕ್ಕು ಸುಸ್ತಾದ. "ನಮ್ಮಜ್ಜಿನೂ ಥೇಟ್ ಹೀಗೇ ಬೆರಿಲ್. ಅವಳು ಸಾಯೋವರೆಗೂ ಆ ಮನೇಲಿ ಅವಳು ಮಲಗಿದ್ದಾಗ ಯಾರೂ ಚಾನೆಲ್ ಮುಟ್ಟಿರಲಿಲ್ಲ."

"ಎಲ್ಲಾ ಮನೇಲೂ ಒಬ್ಬಳು ಇರ್ತಾಳೆ ಮಿಸ್ಟರ್ ಫೇರ್‌ಬ್ರದರ್. ಕ್ರಿಸ್‌ಮಸ್ ದಿನ ಅಂತೂ ಅವಳು ಸಾಕ್ಷಾತ್ ರಾಣಿ. ಎಲ್ಲರೂ ಮಕ್ಕಳಿಗೇ ಸಿನಿಮಾ ಹಾಕ್ತಾರೆ. ಮಕ್ಕಳ ಕೈಲಿ ಆ ದಿನ ಏನಿದೆ, ಮಣ್ಣು! ಅಜ್ಜಿ ಯಾವ ಚಾನೆಲ್‌ನಲ್ಲಿ ನಿದ್ದೆ ಹೋಗ್ತಾಳೋ, ಮನೆ ಮಂದಿಯೆಲ್ಲ ಅದರಲ್ಲೇ ಇರ್ತಾರೆ. ನಾವು ಮಾಡ್ಬೇಕಾದ್ದು ಒಂದೇ. ರಾಣಿ ಭಾಷಣ ಆದ ಕೂಡ್ಲೇ ಒಂದು ಹಳೇ ಕಪ್ಪುಬಿಳುಪು ಪ್ರೇಮದ ಸಿನಿಮಾ. ಅವಳು ಹುಡುಗಿಯಾಗಿದ್ದಾಗ ನೋಡಿದ್ದು. ಅವಳು ಅದನ್ನ ಬಿಡಲ್ಲ. ಅದರಲ್ಲೇ ನಿದ್ದೆ ಹೋಗ್ತಾಳೆ. ಅದಾದ್ಮೇಲೆ ಚರ್ಚಿನ ಹುಡುಗರ ಹಾಡು, ಮೆಲ್ಲಗೆ, ಜೋಗುಳದ ಥರ. ಆ ಹೊತ್ತಿಗೆ ಎದುರಿನವರ ಹಡಗು ಹೊರಡುತ್ತೆ. ಹೊರಡ್ಲಿ. ಗುಂಡಿ ಒತ್ತೋ ಧೈರ್ಯ ಯಾರಿಗಿದೆ? ಸ್ಯಾಂಡ್‌ವಿಚ್ ಹೊತ್ತಿಗೆ ಓಣಿ ಶುರುವಾಗೋ ಕಹಳೆ ಊದುತ್ತೆ. ಆ ರಾಗಕ್ಕೆ ಸತ್ತ ಅಜ್ಜಿನೂ ಎದ್ದು ಕೂರ್ತಾಳೆ."

"ನಮ್ಮ ಬಾಹ್ಯಾಕಾಶದ ಸಿನಿಮಾ?"

"ಮಾರನೇ ದಿನಕ್ಕೆ. ಅವತ್ತು ಗಂಡಸರು ಫುಟ್‌ಬಾಲ್ ಪಂದ್ಯಕ್ಕೆ ಹೋಗ್ತಾರೆ, ಅಜ್ಜಿ ತಂಗಿ ಮನೆಗೆ ಹೋಗ್ತಾಳೆ. ಟಿವಿ ಮಕ್ಕಳದು."

ಅವನು ತಟ್ಟೆಯನ್ನು ಒರೆಸುತ್ತಲೇ ಇದ್ದ. ಅದು ಒಣಗಿ ಎಷ್ಟೋ ಹೊತ್ತಾಗಿತ್ತು. "ಇದು ಹುಚ್ಚು," ಅಂದ. "ಸರಿ, ಮಾಡಿ. ಆದ್ರೆ ಸೋತರೆ ಓಣಿನ ನನ್ನ ಕೈಲಿ ಉಳಿಸೋಕಾಗಲ್ಲ. ನಿಮ್ಮನ್ನೂ."

ಡಿಸೆಂಬರ್‌ಗೆ ಹಬ್ಬದ ದಪ್ಪ ಟಿವಿ ಪತ್ರಿಕೆ ಅಂಗಡಿಗೆ ಬಂತು. ಊರೂರಲ್ಲಿ ಜನ ಪೆನ್ನು ಹಿಡಿದು ತಮಗೆ ಬೇಕಾದ್ದಕ್ಕೆ ಸುತ್ತು ಹಾಕಲು ಕೂತರು. ಅದು ಅಚ್ಚಾದ ಮೇಲೆ ಬದಲಾಯಿಸುವ ಮಾತೇ ಇಲ್ಲ, ಬಿಟ್ಟ ಬಾಣ. ಪತ್ರಿಕೆಗಳ ಟಿವಿ ವಿಮರ್ಶಕರಿಗೆ ಹಬ್ಬವೋ ಹಬ್ಬ. ಒಬ್ಬ, ಕ್ರಿಸ್‌ಮಸ್ ಮಧ್ಯಾಹ್ನಕ್ಕೆ ಪೆನೈನ್‌ನವರು ಕಪಾಟಿನ ಧೂಳು ಹೊಡೆದು ಹಳೇ ಸಿನಿಮಾ ಡಬ್ಬಿ ತೆಗೆದಿದ್ದಾರೆ ಎಂದು ಬರೆದ. ಇನ್ನೊಬ್ಬ, ಎದುರು ಚಾನೆಲ್‌ನವರು ಇದಕ್ಕಾಗಿ ಪೆನೈನ್‌ಗೆ ಹೂವು ಕಳಿಸಬೇಕು ಎಂದ. ಕಳಿಸಿಯೇ ಕಳಿಸಿದರು, ಆ ಪುಂಡರು. ಬೆರಿಲ್ ಅದನ್ನು ಕಸದ ಬುಟ್ಟಿಗೆ ಹಾಕಿ, ಬುಟ್ಟಿಯನ್ನೂ ಒದ್ದಳು.

ಓಣಿಯ ಹೆಂಡದಂಗಡಿಯ ಒಡತಿ ಐವಿಯಾಗಿ ಹರೆಯದಿಂದ ನಟಿಸುತ್ತಿದ್ದ ಡೋರಾ ಪಿಕಪ್ ಕ್ಯಾಂಟೀನಿನಲ್ಲಿ ಅವಳೆದುರು ಕೂತಳು. "ನಿಜ ಹೇಳು ಬೆರಿಲ್. ನಾನು ಬೇರೆ ಕೆಲಸ ನೋಡ್ಕೊಬೇಕಾ? ರಾಚ್‌ಡೇಲ್‌ನಲ್ಲಿ ಮಕ್ಕಳ ನಾಟಕದಲ್ಲಿ ಹಸುವಿನ ವೇಷದೊಳಗೆ ಹಿಂಗಾಲಾಗೋಕೆ ಒಬ್ಬರು ಬೇಕಂತೆ."

"ನಿನ್ನ ಕಾಲು ಹಸುಗೆ ಹೊಂದಲ್ಲ, ಸುಮ್ನಿರು."

"ಹೆದರ್ಕೆ ಆಗುತ್ತೆ ಕಣೆ. ಐವಿ ಇಲ್ದಿದ್ರೆ ನಾನ್ಯಾರು ಅಂತಾನೇ ಗೊತ್ತಿಲ್ಲ ನಂಗೆ."

ಬೆರಿಲ್‌ಗೂ ಹೆದರಿಕೆಯಿತ್ತು. ಹೇಳಲಿಲ್ಲ. ಮನೆಯಲ್ಲಿ ಅಮ್ಮನಿಗೂ ಏನೂ ಹೇಳಲಿಲ್ಲ, ಅದೊಂದು ಪಣ ಅವಳದು. ಅಮ್ಮನಿಗೆ ಹೇಳಿಕೊಟ್ಟು ನೋಡಿಸಿದರೆ ಅದು ಗೆಲುವಲ್ಲ, ಕಳ್ಳ ತಕ್ಕಡಿ. ವಿಲ್ಫ್‌ನಿಂದಲೂ ಬಾಯಿ ಬಿಡುವುದಿಲ್ಲವೆಂದು ಮಾತು ತೆಗೆದುಕೊಂಡಳು.

ಕ್ರಿಸ್‌ಮಸ್ ಬಂತು. ಹೆಟ್ಟಿಯ ಮನೆಯಲ್ಲಿ ಎಲ್ಲ ಎಂದಿನಂತೆ. ಟರ್ಕಿ ಸ್ವಲ್ಪ ಒಣಗಿತ್ತು, ಪುಟ್ಟ ಕೋಸು ಬೆಂದು ಬೆಂದು ಬೂದಿಯ ಬಣ್ಣಕ್ಕೆ ಬಂದಿತ್ತು, ಎಲ್ಲರೂ ಚೆನ್ನಾಗಿದೆ ಎಂದರು. ತಲೆಗೆ ಕಾಗದದ ಟೋಪಿ ಏರಿದವು. ರಾಣಿಯ ಭಾಷಣಕ್ಕೆ ಅಜ್ಜಿ ಬೆನ್ನು ನೆಟ್ಟಗೆ ಮಾಡಿ ಕೂತಳು, ಅದು ಮುಗಿದ ಮೇಲೆ ಕುರ್ಚಿಗೆ ಒರಗಿದಳು. ಹಳೆಯ ಸಿನಿಮಾ ಶುರುವಾಯಿತು. ಬೆರಿಲ್ ಪಾತ್ರೆ ಒರೆಸುವ ನೆಪದಲ್ಲಿ ಬಾಗಿಲಲ್ಲಿ ನಿಂತು ಅಮ್ಮನ ರೆಪ್ಪೆಗಳನ್ನೇ ನೋಡುತ್ತಿದ್ದಳು.

ರೆಪ್ಪೆ ಮುಚ್ಚಲಿಲ್ಲ.

ಪ್ರತಿ ವರ್ಷ ಹೆಟ್ಟಿ ಊಟದ ಜೊತೆ ಎರಡು ಲೋಟ ಶೆರ್ರಿ ವೈನ್ ಕುಡಿಯುತ್ತಿದ್ದಳು. ಈ ಸಲ ಡಾಕ್ಟರು ಮಾತ್ರೆ ಕೊಟ್ಟು ಶೆರ್ರಿ ಬೇಡವೆಂದಿದ್ದರು. ಆ ಸಿಟ್ಟಿಗೆ ಅವಳು ಕಪ್ಪು ಕಪ್ಪಗಿನ ಚಹಾ ಮೂರು ಬಟ್ಟಲು ಇಳಿಸಿದ್ದಳು. ಗೂಬೆಯಂತೆ ಎಚ್ಚರವಾಗಿದ್ದಳು.

"ಇದನ್ನ ನೋಡಿದೀನಿ," ಅಂದಳು ಅಜ್ಜಿ. "ಕೊನೆಗೆ ಅವನು ರೈಲು ಹತ್ತಿ ಹೋಗ್ತಾನೆ, ಇವಳು ಅಳ್ತಾಳೆ. ಆ ಕಡೆ ಏನಿದೆ?"

ಮಕ್ಕಳು ಚಿಮ್ಮಿ ಎದ್ದರು. "ಕಡಲ್ಗಳ್ಳರ ಸಿನಿಮಾ ಅಜ್ಜಿ! ಹಡಗು ಅಜ್ಜಿ! ಇನ್ನೇನು ಶುರುವಾಗುತ್ತೆ!"

"ಹಾಕು ವಿಲ್ಫ್."

ವಿಲ್ಫ್ ಅಕ್ಕನ ಮುಖ ನೋಡಿದ. ಬೆರಿಲ್ ತುಟಿ ಕಚ್ಚಿಕೊಂಡಳು, ತಲೆ ಅಲ್ಲಾಡಿಸಲಿಲ್ಲ. ಟಕ್.

ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಇದಕ್ಕೇ. ದೇಶದ ಅಜ್ಜಿಯರನ್ನೆಲ್ಲ ಅರೆದು ಕುಡಿದವಳ ಸ್ವಂತ ಅಮ್ಮ, ಅವಳ ಕಣ್ಣೆದುರೇ ಎದುರಾಳಿಯ ಹಡಗು ಹತ್ತಿ ಕೂತಿದ್ದಳು. ಬೆರಿಲ್ ಅಡುಗೆಮನೆಗೆ ಹೋಗಿ ಒಣಗಿದ ಪಾತ್ರೆಗಳನ್ನೇ ಮತ್ತೆ ತೊಳೆದಳು. ಇಲ್ಲೇ ಹೀಗಾದರೆ ಬೋಲ್ಟನ್ನಿನಲ್ಲಿ? ಲೀಡ್ಸಿನಲ್ಲಿ? ಊರಿನ ಡಾಕ್ಟರುಗಳೆಲ್ಲ ಸೇರಿ ಎಲ್ಲ ಅಜ್ಜಿಯರಿಗೂ ಶೆರ್ರಿ ನಿಲ್ಲಿಸಿದ್ದರೆ? ಡೋರಾಳ ಹಸುವಿನ ಕಾಲು ನೆನಪಾಯಿತು. ಪಣ ಕಟ್ಟಿದ್ದು ತಾನು, ಬೀದಿಗೆ ಬೀಳುವುದು ಡೋರಾ.

ಒಳಗಿನಿಂದ ಫಿರಂಗಿಗಳು ಗುಡುಗಿದವು. ಕತ್ತಿಗೆ ಕತ್ತಿ ಬಡಿಯಿತು, ಹಾಯಿಮರ ಮುರಿದು ಬಿತ್ತು. ಸ್ಯಾಂಡ್‌ವಿಚ್ ತಟ್ಟೆ ಹಿಡಿದು ಬೆರಿಲ್ ಒಳಗೆ ಬಂದಾಗ ಹೆಟ್ಟಿಯ ಗದ್ದ ಎದೆಯ ಮೇಲಿತ್ತು. ಬಾಯುಸಿರು ಹಾಯಿಯಂತೆ ಉಬ್ಬಿ ಇಳಿಯುತ್ತಿತ್ತು. ಹರೆಯವನ್ನೆಲ್ಲ ಗಿರಣಿಯಲ್ಲಿ ಮಗ್ಗದ ಆರ್ಭಟದ ನಡುವೆ ಕಳೆದವಳಿಗೆ ಫಿರಂಗಿ ಯಾವ ಲೆಕ್ಕ? ಚಹಾ ಮಾಡಲಾರದ್ದನ್ನು ಗುಡುಗು ಮಾಡಿತ್ತು. ಮೆಲುದನಿಯ ಪ್ರೇಮ ಅವಳನ್ನು ಎಚ್ಚರವಿಟ್ಟಿತು, ಯುದ್ಧ ಮಲಗಿಸಿತು.

ಅಜ್ಜಿ ನಿದ್ದೆ ಹೋಗಿದ್ದಳು. ಎದುರು ಚಾನೆಲ್‌ನಲ್ಲಿ.

ಓಣಿಯ ಹೊತ್ತಾಯಿತು. ಬೆರಿಲ್ ಟಿವಿಯ ಮುಂದೆ ನಿಂತಳು. ಮಕ್ಕಳು ಅವಳ ಕಾಲುಗಳ ನಡುವಿನಿಂದ ಹಡಗು ನೋಡುತ್ತಿದ್ದರು. ಬೆರಳು ಗುಂಡಿಯ ಮೇಲಿತ್ತು. ಒತ್ತಿದರೆ ಏನು ಕೇಳುತ್ತದೆಂದು ಅವಳಿಗೆ ಗೊತ್ತು. ತಾನು ಯಾವ ಮಾತಿನ ಮೇಲೆ ಇಡೀ ಓಣಿಯನ್ನೇ ಪಣಕ್ಕಿಟ್ಟಿದ್ದಳೋ, ಅದೇ ಮಾತು.

"ಒತ್ತು ಮಾರಾಯ್ತಿ," ಪಿಸುಗುಟ್ಟಿದ ವಿಲ್ಫ್. "ನಿನ್ನ ಓಣಿ ನಿನ್ನ ಮನೇಲೇ ಬರಲ್ಲ ಅಂದ್ರೆ ಹೇಗೆ?"

"ಆಗಲ್ಲ ಕಣೋ."

"ಯಾಕೆ?"

"ಅಮ್ಮ ನೋಡ್ತಿದಾಳೆ."

ಅವಳು ಬೆರಳು ತೆಗೆದು ಸೋಫಾದ ಕೈಯ ಮೇಲೆ ಕೂತಳು. ಇಷ್ಟು ವರ್ಷದ ಲೆಕ್ಕಾಚಾರ ತಪ್ಪಿದ್ದರೆ ತಪ್ಪಿರಲಿ. ನಿಯಮ ನಿಯಮವೇ, ಅಮ್ಮ ಅಮ್ಮನೇ. ಟರ್ಕಿ ಸ್ಯಾಂಡ್‌ವಿಚ್ಚನ್ನು ಬಾಯಿಗಿಟ್ಟಳು, ರುಚಿ ಹತ್ತಲಿಲ್ಲ.

ಆಗ ಎಡಗಡೆ ಗೋಡೆ ಕಹಳೆ ಊದಿತು.

ಅದು ಪಕ್ಕದ ಮನೆ. ಓಣಿಯ ಕಹಳೆ, ಆ ಮೊದಲ ಏರುದನಿ, ಮಳೆಯಲ್ಲಿ ನೆನೆದು ಮನೆಗೆ ಬರುವವನ ಸೀಟಿಯಂಥದ್ದು. ಒಂದು ಉಸಿರಿನ ನಂತರ ಬಲಗಡೆ ಗೋಡೆಯೂ ಊದಿತು. ಅಡುಗೆಮನೆಯ ಹಿಂಭಾಗದಿಂದ, ಹಿತ್ತಿಲಾಚೆಯ ಸಾಲಿನಿಂದಲೂ ಅದೇ ರಾಗ ತೇಲಿ ಬಂತು. ಯಾರೋ ಬೆಕ್ಕನ್ನು ಹೊರಗೆ ಬಿಡಲು ಮುಂಬಾಗಿಲು ತೆರೆದರೆಂದು ತೋರುತ್ತದೆ, ಬೀದಿಯ ಆ ಬದಿಯದೂ ಬಂದು ಸೇರಿತು. ಒಂದಕ್ಕಿಂತ ಒಂದು ಕೂದಲೆಳೆ ಹಿಂದೆ ಮುಂದೆ, ಇಡೀ ಬೀದಿ ಒಂದು ಕಹಳೆಯಾಗಿತ್ತು. ಮಧ್ಯದಲ್ಲಿ ಈ ಒಂದು ಮನೆಯಲ್ಲಿ ಮಾತ್ರ ಗಿಳಿಯೊಂದು ಕಿರುಚುತ್ತಿತ್ತು.

ಬೆರಿಲ್ ಎದ್ದು ನಿಂತಳು. ಕೈಯಲ್ಲಿದ್ದ ಸ್ಯಾಂಡ್‌ವಿಚ್ ಜಾರಿ ನೆಲಹಾಸಿನ ಮೇಲೆ ಬಿತ್ತು.

ಹೆಟ್ಟಿಯ ಕಣ್ಣು ಫಕ್ಕನೆ ತೆರೆಯಿತು. "ಓಣಿ ಶುರುವಾಯ್ತು!" ಎಂದು ಕೂಗಿ ಟಿವಿ ನೋಡಿದಳು. ಅಲ್ಲಿ ಗಡ್ಡದವನೊಬ್ಬ ಹಗ್ಗ ಹಿಡಿದು ತೂಗುತ್ತಿದ್ದ. ಅವಳ ಮುಖ ಕೆಂಪಾಯಿತು. "ಯಾವ ಕತ್ತೆ ಇದನ್ನ ಹಾಕಿದ್ದು?"

"ನೀನೇ ಹಾಕಿಸಿದ್ದು ಅಮ್ಮ," ಅಂದ ವಿಲ್ಫ್.

"ನಾನಾ? ಹಡಗಾ? ನಾನು ಆ ರೈಲಿನ ಸಿನಿಮಾ ನೋಡ್ತಿದ್ದೆ! ಎರಡು ನಿಮಿಷ ಕಣ್ಣಿಗೆ ವಿಶ್ರಾಂತಿ ಕೊಟ್ರೆ ಸಾಕು, ನನ್ನ ಮನೇಲೇ ನನ್ನ ಟಿವಿ ಕದೀತೀರಿ! ಬೆರಿಲ್, ನಿಂತ್ಕೊಂಡು ಏನು ನೋಡ್ತಿದೀಯ, ಒತ್ತೇ!"

ಬೆರಿಲ್ ಜೀವಮಾನದಲ್ಲಿ ಅಮ್ಮನ ಮಾತನ್ನು ಅಷ್ಟು ಬೇಗ ಕೇಳಿದ್ದಿಲ್ಲ. ಟಕ್. ಮಕ್ಕಳು ಗೋಳೋ ಎಂದರು, ಅಜ್ಜಿ ಒಂದು ನೋಟ ಬೀರಿದಳು, ಗೋಳು ಗಂಟಲಲ್ಲೇ ನಿಂತಿತು. ಡೋರಾ ಪಿಕಪ್ ಹೆಂಡದಂಗಡಿಯ ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು, ಯಾರ ಅಪ್ಪಣೆಯೂ ಬೇಡದ ಐವಿಯಾಗಿ. ಬಿಟ್ಟುಹೋದ ಗಂಡ ಈ ಕ್ರಿಸ್‌ಮಸ್‌ಗೆ ವಾಪಸು ಬಂದಿದ್ದ, ಐವಿ ಅವನನ್ನು ಒಳಗೆ ಬಿಡುತ್ತಾಳೋ ಇಲ್ಲವೋ ಎಂಬುದೇ ಅಂದಿನ ಕಥೆ. "ಬಿಡ್ಬೇಡ್ವೇ ಅವನ್ನ!" ಎಂದು ಹೆಟ್ಟಿ ಕೂಗಿದಳು. ಎಡಗಡೆ ಗೋಡೆಯಾಚೆಯಿಂದ "ಬಿಡ್ಬೇಡ!" ಎಂದು ಇನ್ನೊಂದು ಮುದಿದನಿ ಬಂತು. ಕೊನೆಗೆ ಐವಿ ಬಾಗಿಲು ತೆರೆಯಲಿಲ್ಲ, ಕಿಟಕಿಯಿಂದ ಒಂದು ಕೋಟು ಎಸೆದಳು. ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟಿತು. ಬೆರಿಲ್ ಅಳುತ್ತಿದ್ದಳು, ಅಳುತ್ತಿದ್ದೇನೆಂದು ಒಪ್ಪಿಕೊಳ್ಳಲು ಅವಳಿಗೆ ಏನೂ ಸಂಕೋಚವಾಗಲಿಲ್ಲ.

ಯಾವ ಚಾನೆಲನ್ನು ಎಷ್ಟು ಜನ ನೋಡಿದರೆಂಬ ಅಂಕಿಅಂಶ ಹಬ್ಬ ಕಳೆದ ಮೇಲೆ ಬಂತು. ಫೇರ್‌ಬ್ರದರ್ ಹಾಳೆ ಹಿಡಿದು ಮೆಟ್ಟಿಲನ್ನು ಎರಡೆರಡಾಗಿ ಹಾರಿ ಬಂದ, "ಮುಳುಗಿತು ಬೆರಿಲ್! ಹಡಗು ಗಿಳಿ ಸಮೇತ ಮುಳುಗಿತು!" ಎಂದು ಇಡೀ ಮಹಡಿಗೆ ಕೇಳುವಂತೆ ಕೂಗಿದ. ಆಡಳಿತ ಮಂಡಳಿ ಓಣಿಯನ್ನು ನಿಲ್ಲಿಸುವ ಮಾತನ್ನು ಮತ್ತೆ ಎತ್ತಲಿಲ್ಲ. ಡೋರಾ ಕ್ಯಾಂಟೀನಿನ ಮೇಜು ಹತ್ತಿ ಹಸುವಿನ ಹಿಂಗಾಲಿನಂತೆ ಕುಣಿದಳು. ಎದುರು ಚಾನೆಲ್‌ಗೆ ಬೆರಿಲ್ ಹೂವು ಕಳಿಸಿದಳು, ಜೊತೆಗೆ ಒಂದು ಶೆರ್ರಿ ಬಾಟಲಿ.

ಅವಳಿಗೇನೋ ಗೆಲುವು ಮೊದಲೇ ಗೊತ್ತಾಗಿತ್ತು. ಅದು ಕ್ರಿಸ್‌ಮಸ್ ಸಂಜೆಯೇ, ಓಣಿ ಮುಗಿದು ಹೆಸರುಗಳು ಮೇಲೇರುತ್ತಿದ್ದಾಗ. "ಒಂದು ಚಹಾ ಮಾಡೇ," ಅಂದಳು ಹೆಟ್ಟಿ. ಬೆರಿಲ್ ಕೆಟಲ್ ಹಿಡಿದು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು. ನೀರು ದಬದಬ ಬಂದು, ಕಿರುಬೆರಳಷ್ಟಾಗಿ, ದಾರದಷ್ಟಾಗಿ, ಹನಿಗೆ ನಿಂತಿತು. ಎಡಗಡೆ ಗೋಡೆಯೊಳಗೆ ಕೊಳವೆ ಗುರುಗುಟ್ಟಿತು, ಬಲಗಡೆಯೂ ಗುರುಗುಟ್ಟಿತು. ಮೇಲೆ ಕೆಳಗೆ, ಹಿಂದೆ ಮುಂದೆ, ಸಾಲಿನ ಎಲ್ಲ ಮನೆಗಳಲ್ಲೂ ಒಂದೇ ಗಳಿಗೆಗೆ ಎಲ್ಲರೂ ಎದ್ದು ನಲ್ಲಿಗೆ ಕೈ ಹಾಕಿದ್ದರು. ಅಷ್ಟು ಹೊತ್ತು ಒಬ್ಬರೂ ಕುರ್ಚಿ ಬಿಟ್ಟಿರಲಿಲ್ಲ.

ಬೆರಿಲ್ ಖಾಲಿ ಕೆಟಲನ್ನು ಎದೆಗವಚಿಕೊಂಡು ನಗತೊಡಗಿದಳು. ಕಾಗದದ ಟೋಪಿ ಕಣ್ಣಿನ ಮೇಲೆ ಜಾರಿತು.

"ಚಹಾ ಎಲ್ಲೇ?" ಒಳಗಿನಿಂದ ಹೆಟ್ಟಿ ಕೂಗಿದಳು.

"ನೀರಿಲ್ಲ ಅಮ್ಮ!" ಬೆರಿಲ್ ತಿರುಗಿ ಕೂಗಿದಳು. "ಊರಿನ ಅಜ್ಜಿಯರೆಲ್ಲ ಈಗ ತಾನೇ ಎದ್ದಿದಾರೆ!"